ದೊಡ್ಡಪ್ಪ 'ಮಾಡರ್ನಿಸಂ' ಅಂದರು, ಮಗ 'ಫಂಡಮೆಂಟಲಿಸ್ಟ್' ಅಂದ

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನನ್ನ ಮಗ ದೇವಶಾಸ್ತ್ರದ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ. ರಜೆಗೆ ಬಂದವನು ಊಟಕ್ಕೆ ಕೂತಾಗ, 'ಬೈಬಲಿನ ಮೊದಲ ಐದು ಪುಸ್ತಕ ಮೋಶೆಯೇ ಬರೆದದ್ದಲ್ಲವಂತೆ' ಅಂದ. ನಮ್ಮ ಭಾವನವರು ಕೈಯಲ್ಲಿದ್ದ ರೊಟ್ಟಿ ತಾಟಿಗೆ ಹಾಕಿ, 'ಇದು ಮಾಡರ್ನಿಸಂ. ಮೊದಲು ಆ ಕಾಲೇಜು ಬಿಡಿಸು' ಅಂದರು. ಇವನೂ ಸುಮ್ಮನಿರಲಿಲ್ಲ. 'ದೊಡ್ಡಪ್ಪ, ನೀವು ಫಂಡಮೆಂಟಲಿಸ್ಟ್' ಅಂದುಬಿಟ್ಟ. ಇಬ್ಬರೂ ಅರ್ಧ ಊಟಕ್ಕೇ ಎದ್ದರು. ತಿಂಗಳಾಯಿತು, ಮಾತಿಲ್ಲ. ಈ ಎರಡು ಪದಗಳು ಎಲ್ಲಿಂದ ಬಂದವು? ಮಗನನ್ನು ಬಿಡಿಸಬೇಕಾ?
– ಒಬ್ಬ ತಾಯಿ, ಗದಗ

ಉತ್ತರ: ಎರಡನೇ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ. ಬಿಡಿಸಬೇಡಿ ತಾಯಿ. ಸಭಾ ಚರಿತ್ರೆ ಪಾಠ ಮಾಡಿಯೇ ನನ್ನ ಕೂದಲು ಹಣ್ಣಾದದ್ದು. ಎರಡನೇ ವರ್ಷದ ರಜೆಗೆ ಹೋದ ಹುಡುಗರು ಊರಲ್ಲಿ ಇದೇ ಪಟಾಕಿ ಹಚ್ಚಿ ಬರುತ್ತಾರೆ. ಆ ಐದರಲ್ಲಿ ಕೊನೆಯದಾದ ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯದಲ್ಲಿ ಮೋಶೆ ಸತ್ತ ಸಂಗತಿ ಇದೆ, ಅಲ್ವಾ? 'ತನ್ನ ಸಾವನ್ನು ತಾನೇ ಹೇಗೆ ಬರೆದ ಸಾರ್?' ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಉಳಿದವರು ನಗುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಯಾರದೋ ಒಬ್ಬನ ಮುಖ ಮಾತ್ರ ಬಾಡುತ್ತಿತ್ತು. ನಾನು ಕಣ್ಣಿಡುತ್ತಿದ್ದದ್ದು ಅವನ ಮೇಲೆ.

ಈಗ ಆ ಪದಗಳಿಗೆ ಬರೋಣ. ಅವು ಜಗಳದ ಪದಗಳಾಗಿ ಬೆಳೆದದ್ದು ಅಮೆರಿಕದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ. 'ಫಂಡಮೆಂಟಲಿಸ್ಟ್' ಅನ್ನುವುದು ಮೊದಲು ಬೈಗುಳವೇ ಆಗಿರಲಿಲ್ಲ. 1920ರಲ್ಲಿ ಬ್ಯಾಪ್ಟಿಸ್ಟ್ ಪತ್ರಿಕೆಯೊಂದರ ಸಂಪಾದಕ ಕರ್ಟಿಸ್ ಲೀ ಲಾಸ್ ತಮ್ಮ ಕಡೆಯವರಿಗೆ ತಾವೇ ಹೆಮ್ಮೆಯಿಂದ ಇಟ್ಟ ಹೆಸರು ಅದು. ನಂಬಿಕೆಯ ಬುಡ ಬಿಟ್ಟುಕೊಡದವರು ಎಂದು ಅರ್ಥ. ಅದಕ್ಕೂ ಮೊದಲು, 1910ರಿಂದ 1915ರೊಳಗೆ, 'ದಿ ಫಂಡಮೆಂಟಲ್ಸ್' ಎಂಬ 12 ಪುಸ್ತಿಕೆಗಳು ಬಂದಿದ್ದವು. ಲಾಸ್ ಏಂಜಲೀಸ್‌ನ ಎಣ್ಣೆ ಸಾಹುಕಾರ ಲೈಮನ್ ಸ್ಟೀವರ್ಟ್ ದುಡ್ಡು ಹಾಕಿ, ಪಾದ್ರಿಗಳಿಗೆ, ಮಿಷನರಿಗಳಿಗೆ ಪುಕ್ಕಟೆ ಕಳಿಸಿದರು.

ಎದುರು ಕಡೆಯವರು ಮಾಡರ್ನಿಸ್ಟರು. ಡಾರ್ವಿನ್ ಹೇಳಿದ್ದನ್ನೂ ಜರ್ಮನಿಯ ಪಂಡಿತರು ಸತ್ಯವೇದವನ್ನು, ಅಂದರೆ ಬೈಬಲನ್ನು, ಬಿಡಿಸಿ ನೋಡಿದ ರೀತಿಯನ್ನೂ ಒಪ್ಪಿಕೊಂಡೇ ಕ್ರೈಸ್ತರಾಗಿರಬಹುದು ಎಂದವರು. ಕನ್ನಿಕೆಯಲ್ಲಿ ಜನನ, ಅದ್ಭುತಗಳು, ಯೇಸು ದೇಹಸಮೇತ ಎದ್ದದ್ದು, ಇವನ್ನು ಇದ್ದಂತೆಯೇ ನಂಬದವನು ಪೀಠ ಹತ್ತಬಹುದೇ? ಜಗಳ ಇದೇ.

1922ರ ಮೇ 21, ಭಾನುವಾರ. ನ್ಯೂಯಾರ್ಕಿನ ಫಸ್ಟ್ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಹ್ಯಾರಿ ಎಮರ್ಸನ್ ಫಾಸ್ಡಿಕ್ ಪ್ರಸಂಗ ಮಾಡಿದರು. ಆತ ಬ್ಯಾಪ್ಟಿಸ್ಟ್, ನಿಂತಿದ್ದು ಪ್ರೆಸ್ಬಿಟೇರಿಯನ್ ಪೀಠದಲ್ಲಿ; ಎರಡೂ ಪ್ರೊಟೆಸ್ಟೆಂಟರದೇ ಬೇರೆ ಬೇರೆ ಪಂಗಡ. ಹಿಂದಿನ ವರ್ಷ ಚೀನಾಕ್ಕೆ ಹೋಗಿ, ಅಲ್ಲಿಯ ಮಿಷನರಿಗಳು ಇದೇ ವಿಚಾರಕ್ಕೆ ಎರಡು ಪಾಲಾಗಿದ್ದನ್ನು ಕಣ್ಣಾರೆ ಕಂಡಿದ್ದರು. ಜಗಳ ಬೇಡ, ಇಬ್ಬರಿಗೂ ಸಭೆಯಲ್ಲಿ ಜಾಗ ಇರಲಿ ಎಂದು ಹೇಳುವುದೇ ಪ್ರಸಂಗದ ಉದ್ದೇಶ. ಆದರೆ ಅದಕ್ಕೆ ಇಟ್ಟ ಹೆಸರು ನೋಡಿ: 'ಫಂಡಮೆಂಟಲಿಸ್ಟರು ಗೆಲ್ಲಬೇಕೇ?' ರಾಜಿಗೆ ಕರೆಯುವವರು ಹೀಗೆ ಕರೆಯುತ್ತಾರಾ! ಇನ್ನೊಬ್ಬ ಎಣ್ಣೆ ಸಾಹುಕಾರರ ಮಗ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ಹಣದಲ್ಲಿ 1,30,000 ಪ್ರತಿ ಅಚ್ಚಾಗಿ ದೇಶದ ಪಾದ್ರಿಗಳ ಮನೆ ತಲುಪಿತು. ಫಿಲಡೆಲ್ಫಿಯಾದಿಂದ ಕ್ಲಾರೆನ್ಸ್ ಮೆಕಾರ್ಟ್ನಿ ಎಂಬ ಪಾದ್ರಿ 'ಅಪನಂಬಿಕೆ ಗೆಲ್ಲಬೇಕೇ?' ಎಂದು ತಿರುಗೇಟು ಕೊಟ್ಟರು. ಕೊನೆಗೆ ಫಾಸ್ಡಿಕ್ ಆ ಪೀಠ ಬಿಡಬೇಕಾಯಿತು. ಅವರಿಗಾಗಿ ರಾಕ್‌ಫೆಲರ್ ಹಣದಲ್ಲೇ ಎದ್ದ ರಿವರ್‌ಸೈಡ್ ಚರ್ಚು 1930ರಲ್ಲಿ ಬಾಗಿಲು ತೆರೆಯಿತು.

ಗಮನಿಸಿದಿರಾ? ಆ ಕಡೆಗೂ ಎಣ್ಣೆ ದುಡ್ಡು, ಈ ಕಡೆಗೂ ಎಣ್ಣೆ ದುಡ್ಡು. (ಎಣ್ಣೆ ಅಂದರೆ ಪೆಟ್ರೋಲಿಯಂ. ಯೂತ್ ಗ್ರೂಪಿನವರು ನಗಬೇಡಿ.)

ನಿಮ್ಮ ಭಾವನವರ ಕಡೆಗೆ ಒಬ್ಬ ದೊಡ್ಡ ವಕೀಲ ಬೇಕೆಂದರೆ ಜೆ. ಗ್ರೆಶಮ್ ಮೇಚನ್ ಇದ್ದಾರೆ. ಪ್ರಿನ್ಸ್‌ಟನ್ ಸೆಮಿನರಿಯಲ್ಲಿ ಹೊಸ ಒಡಂಬಡಿಕೆ ಪಾಠ ಮಾಡುತ್ತಿದ್ದರು. 1923ರಲ್ಲಿ ಪುಸ್ತಕ ಬರೆದು, ಲಿಬರಲ್ ಕ್ರೈಸ್ತಧರ್ಮ ಅನ್ನುವುದು ಕ್ರೈಸ್ತಧರ್ಮದ ಇನ್ನೊಂದು ಬಗೆಯಲ್ಲ, ಬೇರೆಯದೇ ಧರ್ಮ ಎಂದರು. ನಂಬದಿದ್ದರೆ ಮರ್ಯಾದೆಯಿಂದ ಹೊರಗೆ ಹೋಗಿ, ಒಳಗಿದ್ದು ಮಾತಿನ ಅರ್ಥ ತಿರುಚಬೇಡಿ ಎಂಬ ಧಾಟಿ. ನಾನು ಫಾಸ್ಡಿಕ್ ಕಡೆಯವನೇ. ಆದರೂ ಈ ಮಾತಿಗೆ ಇವತ್ತಿಗೂ ನನಗೆ ನೆಟ್ಟಗೆ ಉತ್ತರ ಸಿಕ್ಕಿಲ್ಲ. ಪುನರುತ್ಥಾನದ ಹಬ್ಬದ ದಿನ ಪೀಠದಲ್ಲಿ ನಿಂತು ಜಾಣ ಮಾತಾಡಿದ್ದು ನನಗೇ ಗೊತ್ತು.

ಈಗ ನಿಮಗೆ ಬೇಕಾದ ಕಥೆ. ಇದೇ ಮೇಚನ್ ಇಪ್ಪತ್ತರ ಹರೆಯದಲ್ಲಿ, 1905ರಲ್ಲಿ, ಓದಲು ಜರ್ಮನಿಗೆ ಹೋದರು. ಮಾರ್‌ಬುರ್ಗ್‌ನಲ್ಲಿ ವಿಲ್‌ಹೆಲ್ಮ್ ಹೆರ್ಮನ್ ಎಂಬ ಲಿಬರಲ್ ಗುರುವಿನ ಪಾಠಕ್ಕೆ ಕೂತರು. ತಲೆ ಕೆಟ್ಟುಹೋಯಿತು. ಪಾಠ ತಪ್ಪು ಎಂದಲ್ಲ. ಆ ಗುರುವಿಗೆ ಯೇಸುವಿನ ಮೇಲಿದ್ದ ಪ್ರೀತಿ ನೋಡಿ, ಇಷ್ಟು ಭಕ್ತಿ ನನ್ನಲ್ಲೇ ಇಲ್ಲವಲ್ಲ ಅನಿಸಿತು. ಮನೆಗೆ ಬರೆದ ಪತ್ರದಲ್ಲಿ ಅದನ್ನು ಮುಚ್ಚಿಡಲಿಲ್ಲ. ಅವರ ತಾಯಿಯೂ ಸತ್ಯವೇದ ಬಾಯಿಪಾಠ ಮಾಡಿಸಿ ಬೆಳೆಸಿದವರೇ. ಮಗ ಅನುಮಾನದಲ್ಲಿ ಬಿದ್ದನೆಂದು ಬಾಗಿಲು ಹಾಕಲಿಲ್ಲ, ಕಾದರು. ಮಾರನೇ ವರ್ಷ ಪ್ರಿನ್ಸ್‌ಟನ್ ಕೆಲಸ ಕೊಟ್ಟಿತು, ಪಾದ್ರಿ ದೀಕ್ಷೆ ತಗೋ ಎಂದು ಒತ್ತಾಯಿಸಲಿಲ್ಲ. ದೀಕ್ಷೆ ಆದದ್ದು 1914ರಲ್ಲಿ. ಲೆಕ್ಕ ಹಾಕಿ, ಎಂಟು ವರ್ಷ. ನಿಮ್ಮ ಮಗನಿಗೆ ಆಗಿರುವುದು ಇನ್ನೂ ಒಂದು ತಿಂಗಳು.

ಮುಂದಿನದನ್ನು ಬೇಗ ಮುಗಿಸುತ್ತೇನೆ. 1929ರಲ್ಲಿ ಪ್ರಿನ್ಸ್‌ಟನ್‌ನ ಆಡಳಿತ ಬದಲಾಯಿತು, ಮೇಚನ್ ಹೊರಬಂದು ಫಿಲಡೆಲ್ಫಿಯಾದಲ್ಲಿ ವೆಸ್ಟ್‌ಮಿನ್‌ಸ್ಟರ್ ಸೆಮಿನರಿ ಕಟ್ಟಿದರು. ಆಮೇಲೆ ಜಗಳ ನಮ್ಮ ದೇಶಕ್ಕೂ ತಾಗಿತು. ರಾಕ್‌ಫೆಲರ್ ಹಣದಲ್ಲಿ ಒಂದು ತಂಡ ಭಾರತ, ಬರ್ಮಾ, ಚೀನಾ, ಜಪಾನ್ ಸುತ್ತಿ ಮಿಷನ್ ಕೆಲಸ ನೋಡಿಹೋಯಿತು. ಮಿಷನರಿಗಳು ಬೇರೆ ಧರ್ಮದವರ ಜೊತೆ ಸೇರಿ ಸತ್ಯ ಹುಡುಕಲಿ ಎಂದು 1932ರಲ್ಲಿ ವರದಿ ಕೊಟ್ಟಿತು. ಮೇಚನ್ ಸಿಡಿದು ಬೇರೆ ಮಿಷನ್ ಬೋರ್ಡು ಮಾಡಿದರು, ಸಭೆ ಅವರ ಪಾದ್ರಿತನ ಅಮಾನತು ಮಾಡಿತು. 1936ರಲ್ಲಿ ಅವರದೇ ಬೇರೆ ಸಭೆ ಆಯಿತು. ಮಾರನೇ ಜನವರಿ 1ರಂದು ತೀರಿಕೊಂಡರು.

ನಮ್ಮಪ್ಪ ಹಳ್ಳಿಯಲ್ಲಿ ಉಪದೇಶಿಯಾಗಿದ್ದರು. ನಾನೂ ಒಂದು ರಜೆಯಲ್ಲಿ ಮೋಶೆಯ ಪಟಾಕಿ ಹಚ್ಚಿದ್ದೆ. ಅಪ್ಪ ಕಂದೀಲಿನ ಗಾಜು ಒರೆಸುತ್ತಿದ್ದರು. ಪೂರ್ತಿ ಒರೆಸಿ, ಗಾಜು ಕೂರಿಸಿ, ಬತ್ತಿ ಏರಿಸಿ, 'ಸರಿ. ಸಂಜೆ ಪ್ರಾರ್ಥನೆ ನೀನೇ ನಡೆಸು. ಅದೇ ಅಧ್ಯಾಯ ಓದು' ಅಂದರು. ಓದಿದೆ. ಮೋಶೆ ಬೆಟ್ಟದ ಮೇಲಿಂದ ದೇಶ ನೋಡಿದ, ಕಾಲಿಡಲಿಲ್ಲ ಅನ್ನುವಲ್ಲಿ ಅಪ್ಪ ಕಣ್ಣೊರೆಸಿಕೊಂಡರು. ನಿಮ್ಮ ಮಗನ ಕೈಗೂ ಒಂದು ಸಂಜೆ ಪುಸ್ತಕ ಕೊಡಿ. ಭಾವನವರನ್ನೂ ಕರೆಯಿರಿ, ಊಟಕ್ಕೆ ಮುಂಚೆ.

ಪ್ರಶ್ನೆ: 1925ರಲ್ಲಿ ಅಮೆರಿಕದ ಡೇಟನ್ ಊರಿನ 'ಮಂಗನ ಕೇಸಿ'ನಲ್ಲಿ ಧರ್ಮ ಸೋತು ವಿಜ್ಞಾನ ಗೆದ್ದಿತು, ಅಲ್ಲವೇ?
– ನಿವೃತ್ತ ವಿಜ್ಞಾನ ಶಿಕ್ಷಕ, ಚಾಮರಾಜನಗರ

ಉತ್ತರ: ಕೇಸು ಸೋತದ್ದು ನಿಮ್ಮ ಹಾಗೆ ಒಬ್ಬ ಮೇಷ್ಟ್ರು ಸಾರ್! ವಿಕಾಸವಾದ ಕಲಿಸಿದ್ದಕ್ಕೆ ಜಾನ್ ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ದಂಡ ಹಾಕಬೇಕಾದದ್ದು ಜ್ಯೂರಿ, ಹಾಕಿದ್ದು ಜಡ್ಜ್ ಎಂದು ಮೇಲಿನ ಕೋರ್ಟು 1927ರಲ್ಲಿ ಅದನ್ನು ತೆಗೆಯಿತು. ಟೆನೆಸಿಯ ಆ ಕಾನೂನು ಮಾತ್ರ 1967ರವರೆಗೂ ಇತ್ತು. ಸತ್ಯವೇದದ ಪರ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಸೃಷ್ಟಿಯ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದು ಸಾಕ್ಷಿಕಟ್ಟೆಯಲ್ಲೇ ಒಪ್ಪಿದರು. ಇವತ್ತಿನ ಎಷ್ಟೋ ಪಾಸ್ಟರುಗಳು ಕೇಳಿದ್ದರೆ ಅವರನ್ನೇ ಮಾಡರ್ನಿಸ್ಟ್ ಅಂದಾರು. ಡಾರ್ವಿನ್ ಬಗ್ಗೆ ಅವರಿಗಿದ್ದ ದೊಡ್ಡ ಭಯ ಮಂಗನದಲ್ಲ. ಬಲ ಇದ್ದವನೇ ಬದುಕಲಿ ಅನ್ನುವ ಮಾತು ಬಡವರ ಕುತ್ತಿಗೆಗೆ ಬರುತ್ತದೆ ಎಂದು. ಕೇಸು ಮುಗಿದ ಐದನೇ ದಿನ ಭಾನುವಾರ. ಅದೇ ಊರಿನಲ್ಲಿ ಆರಾಧನೆ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ.