ಸಿಪ್ಯಾಪ್ ಮಷೀನ್ ಒಗ್ಗದಿದ್ದರೆ ಬೇರೆ ಏನು ಮಾಡಬಹುದು?

ಪ್ರಶ್ನೆ: ನಮ್ಮ ಮನಿಯವರಿಗೆ 49 ವರ್ಷ, ತೂಕ 92 ಕಿಲೋ. ರಾತ್ರಿ ಗೊರಕಿ ಭಾಳ, ನಡುನಡುವ ಉಸಿರೇ ನಿಂತಂಗ ಆಗತದ. ನಿದ್ದಿ ಪರೀಕ್ಷಾದಾಗ ಎಎಚ್‌ಐ 22 ಬಂದದ. ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ತೆರೆದಿಡೋ ಸಿಪ್ಯಾಪ್ ಮಷೀನ್ ತಂದೀವಿ. ಬಾಯಿ ಒಣಗತದ, ಗಾಳಿ ಕಣ್ಣಿಗಿ ಬಡೀತದ ಅಂತ ನಾಕು ದಿನಕ್ಕೇ ಮೂಲಿಗಿಟ್ಟಾರ. ಶಂಖ ಊದಿದ್ರ ಕಡಿಮಿ ಆಗತದಂತ, ಹಲ್ಲಿನ ಡಾಕ್ಟರು ಕ್ಲಿಪ್ ಕೊಡತಾರಂತ. ಖರೇ ಏನ್ರಿ? ಅವರು ಹೈದರಾಬಾದಿಗಿ ಗಾಡಿ ಹೊಡೀತಾರ.
– ಓದುಗರು, ಹುಮನಾಬಾದ್

ಉತ್ತರ: ಶಂಖ, ಕ್ಲಿಪ್ ಎಲ್ಲಕ್ಕೂ ಮೊದಲು ಗಾಡಿಯ ಮಾತು. ಹಗಲು ತೂಕಡಿಕೆ ಬರುತ್ತಿದ್ದರೆ, ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ಅವರು ಸ್ಟೇರಿಂಗ್ ಹಿಡಿಯಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಎಎಚ್‌ಐ 22 ಅಂದರೆ ಗಂಟೆಗೆ 22 ಸಲ, ಪ್ರತಿ ಸಲ ಕನಿಷ್ಠ 10 ಸೆಕೆಂಡ್, ಉಸಿರು ನಿಂತಿದೆ ಅಥವಾ ತೀರ ಇಳಿದಿದೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನಿಮ್ಮವರದು ಮಧ್ಯಮ, ಹಾಗಾಗಿ ಬೇರೆ ದಾರಿಗಳಿಗೆ ಅವಕಾಶವಿದೆ. ಆದರೂ ಮಷೀನ್ ಕೈಬಿಡುವ ಮೊದಲು ಮಾಸ್ಕ್ ನೋಡಿ. ಗಾಳಿ ಕಣ್ಣಿಗೆ ಬಡಿಯುತ್ತದೆ ಅಂದರೆ ಮೂಗಿನ ಮೇಲ್ಭಾಗದಲ್ಲಿ ಸೋರುತ್ತಿದೆ. ಆಗ ಎಲ್ಲರೂ ಪಟ್ಟಿ ಬಿಗಿಯುತ್ತಾರೆ, ಮೆತ್ತೆ ಮಡಿಚಿಕೊಂಡು ಇನ್ನೂ ಹೆಚ್ಚು ಸೋರುತ್ತದೆ. ಮಲಗಿ, ಗಾಳಿ ಚಾಲೂ ಇರುವಾಗಲೇ ಪಟ್ಟಿ ಸಡಿಲಿಸಿ ಮಾಸ್ಕ್ ಕೂರಿಸಬೇಕು. ಆಗಲೂ ಸೋರಿದರೆ ಅಳತೆ ಬದಲಿಸಿ. ಬಾಯಿ ಒಣಗುವುದು ಬಾಯಿ ತೆರೆದು ಗಾಳಿ ಹೊರಹೋಗುವುದರಿಂದ. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಬೇಕು. ನಮ್ಮ ಕಡೆಯ ಒಣ ಬೇಸಿಗೆಗೆ ಹ್ಯೂಮಿಡಿಫೈಯರ್ (ಮಷೀನಿನ ಗಾಳಿಗೆ ತೇವ ಸೇರಿಸುವ ನೀರಿನ ತೊಟ್ಟಿ) ಬೇಕೇ ಬೇಕು. ಅದಕ್ಕೆ ಡಿಸ್ಟಿಲ್ಡ್ ನೀರು ಹಾಕಿ, ಬೋರ್‌ವೆಲ್ ನೀರಿನಿಂದ ತೊಟ್ಟಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿ ಕೂತರೆ ಬೇಗ ರೂಢಿಯಾಗುತ್ತದೆ.

ಇಷ್ಟಾದರೂ ಆಗದಿದ್ದರೆ ನೀವು ಕೇಳಿದ ಕ್ಲಿಪ್ಪೇ ಒಳ್ಳೆಯ ಆಯ್ಕೆ. ಅದು ಕೆಳದವಡೆಯನ್ನು ಮುಂದೆ ಹಿಡಿದಿಡುತ್ತದೆ. ಜೊತೆಗೆ ನಾಲಿಗೆಯೂ ಮುಂದೆ ಬಂದು ಗಂಟಲು ತೆರೆದಿರುತ್ತದೆ. ದವಡೆ ಎಷ್ಟು ಮುಂದೆ ಬರಬಲ್ಲದೋ ಅದರ ಅರ್ಧದಷ್ಟರಿಂದ ಶುರುಮಾಡಿ, ಅರ್ಧದಿಂದ ಒಂದು ಮಿಲಿಮೀಟರಿನಂತೆ ಹೆಚ್ಚಿಸುತ್ತಾರೆ. ಮೇಲೂ ಕೆಳಗೂ ಸುಮಾರು ಎಂಟೆಂಟಾದರೂ ಗಟ್ಟಿ ಹಲ್ಲು ಇರಬೇಕು. ಗುಟ್ಕಾ ತಿಂದು ಬಾಯಿ ಪೂರ್ತಿ ತೆರೆಯದವರಿಗೆ ಅಳತೆ ತೆಗೆಯುವುದೇ ಕಷ್ಟ. ಡ್ರೈವರ್‌ಗಳಲ್ಲಿ ಈ ತೊಂದರೆ ಇರಬಹುದು, ಮೊದಲೇ ಪರೀಕ್ಷಿಸಿ. ಆನ್‌ಲೈನ್‌ನಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚುವ ಕ್ಲಿಪ್ ತರಬೇಡಿ. ಅದು ಬಾಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ದವಡೆ ಬಿಗಿಯುವುದು ಸಹಜ, ವರ್ಷಗಟ್ಟಲೆ ಹಾಕಿದರೆ ಹಲ್ಲುಗಳ ಕೂಡಿಕೆ ಬದಲಾಗಬಹುದು. ಕ್ಲಿಪ್ ಹಾಕಿಕೊಂಡೇ ನಿದ್ರೆ ಪರೀಕ್ಷೆ ಮತ್ತೆ ಮಾಡಿಸಲೇಬೇಕು, ಏಕೆಂದರೆ ಗೊರಕೆ ನಿಂತರೂ ಉಸಿರು ಕಟ್ಟುವುದು ಮುಂದುವರಿದಿರಬಹುದು.

ರಿಪೋರ್ಟಿನಲ್ಲಿ ಅಂಗಾತ ಮಲಗಿದಾಗಿನ ಎಎಚ್‌ಐ, ಮಗ್ಗುಲಾದಾಗಿನದಕ್ಕಿಂತ ದುಪ್ಪಟ್ಟು ಇದೆಯೇ ನೋಡಿ. ಇದ್ದರೆ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಡುವುದು ಉಪಯೋಗಕ್ಕೆ ಬರುತ್ತದೆ. ತಲೆದಿಂಬು ಮೇಲೆ ತಲೆದಿಂಬು ಇಟ್ಟರೆ ಕುತ್ತಿಗೆ ಬಾಗಿ ದಾರಿ ಕಿರಿದಾಗುತ್ತದೆ. ಅದರ ಬದಲು ಮಂಚದ ತಲೆಗಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಸುಮಾರು 15 ಸೆಂಟಿಮೀಟರ್ ಎತ್ತರಿಸಿ. ಶೆರೆ, ನಿದ್ರೆ ಮಾತ್ರೆ ಎರಡೂ ಗಂಟಲ ಸ್ನಾಯು ಸಡಿಲಿಸುತ್ತವೆ. ಶೆರೆ ಬಿಡಲಿ, ನಿದ್ರೆ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಲಿ.

ತೂಕ ನೂರಕ್ಕೆ ಹತ್ತರಷ್ಟು, ಅಂದರೆ ಇವರಿಗೆ 9 ಕಿಲೋ ಇಳಿದರೆ ಎಎಚ್‌ಐ ಸುಮಾರು ಕಾಲುಭಾಗ ತಗ್ಗುತ್ತದೆ. 22 ಇದ್ದದ್ದು 16ರ ಹತ್ತಿರ ಬರಬಹುದು. ದೊಡ್ಡ ಲಾಭ, ಆದರೂ ಮಧ್ಯಮದಲ್ಲೇ ಉಳಿದಂತಾಯಿತು.

ಶಂಖದ ಸುದ್ದಿ ಸುಳ್ಳಲ್ಲ. ಜೈಪುರದಲ್ಲಿ 30 ರೋಗಿಗಳ ಮೇಲೆ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ವಾರಕ್ಕೆ ಐದು ದಿನ, ದಿನಕ್ಕೆ ಕನಿಷ್ಠ 15 ನಿಮಿಷ, ಆರು ತಿಂಗಳು ಊದಿದವರಲ್ಲಿ ಗಂಟೆಗೆ ನಾಲ್ಕೈದು ಉಸಿರಿನ ತಡೆ ಕಡಿಮೆಯಾದವು. ಹೀಗಾಗಿ ಜೊತೆಗೆ ಊದಲಿ, ಚಿಕಿತ್ಸೆಯ ಬದಲಿಗೆ ಅಲ್ಲ. ಹಿಡಿತಕ್ಕೆ ಬಾರದ ಬಿಪಿ, ಹರ್ನಿಯಾ, ಗ್ಲಾಕೋಮಾ ಇದ್ದವರು ಡಾಕ್ಟರನ್ನು ಕೇಳದೆ ಊದಬಾರದು.

ಪ್ರಶ್ನೆ: ಆರು ವರ್ಷದ ಮಗ ಬಾಯಿ ತೆಗೆದು ಮಲಗುತ್ತಾನೆ, ಗೊರಕೆ ಹೊಡೆಯುತ್ತಾನೆ. ಬಾಯಿಗೆ ಟೇಪ್ ಹಚ್ಚಬಹುದೇ?
– ಓದುಗರು, ಯಾದಗಿರಿ

ಉತ್ತರ: ಖಂಡಿತ ಬೇಡ. ಮೂಗು ಕಟ್ಟಿರುವ ಮಗುವಿನ ಬಾಯಿ ಮುಚ್ಚಿದರೆ ಉಸಿರಿಗೆ ದಾರಿಯೇ ಇರುವುದಿಲ್ಲ. ಈ ವಯಸ್ಸಿನಲ್ಲಿ ಸಾಮಾನ್ಯ ಕಾರಣ ಉಬ್ಬಿದ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗಡ್ಡೆಯಂಥ ಅಂಗಾಂಶ). ಅವನು ಮಲಗಿದಾಗ ಒಂದೆರಡು ನಿಮಿಷ ಮೊಬೈಲಿನಲ್ಲಿ ಎದೆ ಮತ್ತು ಮುಖ ಕಾಣುವಂತೆ ವಿಡಿಯೊ ಮಾಡಿಕೊಂಡು ಕಿವಿ–ಮೂಗು–ಗಂಟಲು ತಜ್ಞರಿಗೆ ತೋರಿಸಿ. ಹಾಸಿಗೆ ಒದ್ದೆ ಮಾಡುವುದು, ಹಗಲು ಅತಿ ಚಡಪಡಿಕೆ ಇದ್ದರೆ ಅದನ್ನೂ ಹೇಳಿ. ಟಾನ್ಸಿಲ್, ಅಡಿನಾಯ್ಡ್ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿ ಬಂದು, ಆದಮೇಲೂ ಗೊರಕೆ ಉಳಿದರೆ ಮತ್ತೆ ಪರೀಕ್ಷೆ ಮಾಡಿಸಿ.