ಅಣ್ಣನೋ, ತಮ್ಮನೋ?

ಓದುಗರ ಪತ್ರ: ನಾನು ಕ್ಯಾಥೊಲಿಕ್, ಗೆಳತಿ ಪ್ರೊಟೆಸ್ಟಂಟ್. ಮರಿಯಳಿಗೆ ಯೇಸು ಒಬ್ಬನೇ ಮಗ ಎಂದೆ. ಅವಳು ಬೈಬಲ್ ತೆರೆದು ತಮ್ಮಂದಿರ ಹೆಸರನ್ನೇ ತೋರಿಸಿದಳು. ನನಗೆ ಮಾತೇ ಹೊರಡಲಿಲ್ಲ. ಯಾರು ಸರಿ?

ಸಂಪಾದಕರ ಉತ್ತರ: ಅವಳು ತೋರಿಸಿದ್ದು ಮಾರ್ಕ 6:3 ಇರಬೇಕು. ಊರಿನವರು ಯೇಸುವಿನ ಬೋಧನೆ ಕೇಳಿ, 'ಇವನು ಆ ಬಡಗಿ ಅಲ್ವಾ?' ಎಂದು ಗೊಣಗುತ್ತಾರೆ. ಯಾಕೋಬ, ಯೋಸೆ, ಯೂದ, ಸೀಮೋನ ಎಂದು ಅವನ ನಾಲ್ವರು ಸಹೋದರರ ಹೆಸರು ಹೇಳುತ್ತಾರೆ. ಸಹೋದರಿಯರೂ ಇದ್ದಾರೆ, ಆದರೆ ಅವರ ಹೆಸರಿಲ್ಲ. ಓದಿದಾಗೆಲ್ಲ ನನಗೆ ಅದು ಚುಚ್ಚುತ್ತದೆ.

ಕನ್ನಡದಲ್ಲಿ ಮಾತಾಡುವಾಗ ನಾವು ಅಣ್ಣನೋ ತಮ್ಮನೋ ಹೇಳಿಬಿಡುತ್ತೇವೆ. ಮೂಲದ ಗ್ರೀಕಿನಲ್ಲಿರುವ 'ಅಡೆಲ್ಫೋಸ್' (ಸಹೋದರ) ಪದಕ್ಕೆ ಆ ಗೊಡವೆ ಇಲ್ಲ. ಜಗಳ ಹುಟ್ಟುವುದೇ ಅಲ್ಲಿ. ತಮ್ಮಂದಿರು, ಮರಿಯ ಮತ್ತು ಅವಳ ಗಂಡ ಯೋಸೇಫನ ಮಕ್ಕಳು ಎಂಬುದು ಇಂದಿನ ಹೆಚ್ಚಿನ ಪ್ರೊಟೆಸ್ಟಂಟರ ನಂಬಿಕೆ. ಅಣ್ಣಂದಿರು, ಯೋಸೇಫನ ಮೊದಲ ಹೆಂಡತಿಯ ಮಕ್ಕಳು ಎಂದು ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳು ಹೇಳುತ್ತವೆ. ಹತ್ತಿರದ ಸಂಬಂಧಿಕರು ಎಂಬುದು ನಿಮ್ಮ ಸಭೆಯ ಮಾತು. ಮರಿಯಳಿಗೆ ಬೇರೆ ಮಕ್ಕಳಿದ್ದರು ಎಂದಿದ್ದ ಹೆಲ್ವಿಡಿಯಸ್ ಎಂಬಾತನಿಗೆ ಸುಮಾರು ಕ್ರಿ.ಶ. 383ರಲ್ಲಿ ಉತ್ತರ ಬರೆದ ಕ್ರೈಸ್ತ ಪಂಡಿತ ಜೆರೋಮ್, ಅವರು ಮರಿಯಳ ಸಹೋದರಿಯ ಮಕ್ಕಳು ಎಂದು ವಾದಿಸಿದ. ನಾವೂ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳನ್ನು ಅಣ್ಣ, ತಮ್ಮ ಎಂದೇ ಕರೆಯುತ್ತೇವಲ್ಲ. ಆದಿಕಾಂಡದಲ್ಲೂ ಅಬ್ರಾಮ ತನ್ನ ಒಡಹುಟ್ಟಿದವನ ಮಗ ಲೋಟನನ್ನು ಸಹೋದರ ಎಂದೇ ಕರೆಯುತ್ತಾನೆ. ಆದರೆ ಗ್ರೀಕಿನಲ್ಲಿ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳಂಥ ನಂಟಿಗೆ 'ಅನೆಪ್ಸಿಯೋಸ್' ಎಂಬ ಬೇರೆ ಪದವೇ ಇತ್ತು. ಬೈಬಲಿನ ಕೊಲೊಸ್ಸೆಯ ಪತ್ರದಲ್ಲಿ ಅದು ಬಂದಿದೆ. ಹಾಗಾಗಿ, ವಚನವನ್ನಷ್ಟೇ ಓದಿದರೆ ಗೆಳತಿಯ ಅರ್ಥವೇ ನನಗೆ ಮೊದಲು ಹೊಳೆಯುತ್ತದೆ.

ಹಾಗಂತ ನಿಮ್ಮ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಶಿಲುಬೆಯ ಮೇಲೆ ಸಾಯುವ ಹೊತ್ತಿನಲ್ಲಿ ಯೇಸು ತಾಯಿಯನ್ನು ಒಪ್ಪಿಸುವುದು ಒಬ್ಬ ಶಿಷ್ಯನಿಗೆ. ಬೇರೆ ಮಕ್ಕಳಿದ್ದರೆ ಹೀಗೇಕೆ? ಆಗ ಆ ಸಹೋದರರು ಅವನನ್ನು ನಂಬಿರಲಿಲ್ಲ ಎಂದು ಗೆಳತಿ ಯೋಹಾನ 7:5 ತೋರಿಸಬಹುದು. ಮರಿಯ ಕೊನೆವರೆಗೂ ಕನ್ಯೆಯಾಗಿಯೇ ಇದ್ದಳು ಎಂದು ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಕೂಡ ನಂಬಿದ್ದ ಎಂದು ಅವಳಿಗೆ ಹೇಳಿ, ಅದು ಬಹಳ ಜನಕ್ಕೆ ಗೊತ್ತಿಲ್ಲ.

ನನ್ನನ್ನು ಜಾಸ್ತಿ ಕಾಡುವವನು ಆ ಯಾಕೋಬ. ಮುಂದೆ ಅವನೇ ಜೆರುಸಲೇಮಿನ ಸಭೆಗೆ ಆಧಾರಸ್ತಂಭವಾದ. ಅಪೊಸ್ತಲ ಪೌಲ ತನ್ನ ಪತ್ರದಲ್ಲಿ ಅವನನ್ನು 'ಕರ್ತನ ಸಹೋದರ', ಅಂದರೆ ಯೇಸುವಿನ ಸಹೋದರ, ಎಂದೇ ಕರೆಯುತ್ತಾನೆ. ಸುಮಾರು ಕ್ರಿ.ಶ. 62ರಲ್ಲಿ ಯಾಕೋಬನನ್ನು ಕಲ್ಲೆಸೆದು ಕೊಂದರು. ಅದನ್ನು ಬರೆದಿಟ್ಟ ಯೆಹೂದಿ ಚರಿತ್ರೆಕಾರ ಜೋಸೆಫಸ್ ಕೂಡ ಅವನನ್ನು ಗುರುತಿಸುವುದು ಯೇಸುವಿನ ಸಹೋದರ ಎಂದೇ.