ವಿಷುವಿಗೆ ಶುರು, ಮಳೆಗೆ ಬಂದ್!

ಪ್ರಶ್ನೆ: ನಮಸ್ಕಾರ ಅಕ್ಕ. ನನಗೆ 46, ಮುಳ್ಳೇರಿಯ ಹತ್ರ ಮನೆ, ಸೊಸೈಟಿಯಲ್ಲಿ ಕೆಲಸ, ಇಡೀ ದಿನ ಕೂತೇ ಇರೋದು, ದಿನಕ್ಕೆ ನಾಲ್ಕು ಚಾ ಬೇಕು. ಶುಗರ್ ಬಾರ್ಡರಲ್ಲಿ ಉಂಟು ಅಂತ ಡಾಕ್ಟ್ರು ಹೇಳಿದ್ದಾರೆ. ಪ್ರತಿ ವರ್ಷ ವಿಷು ಕಣಿ ನೋಡಿದ ದಿನ ವಾಕಿಂಗ್, ಯೋಗ, ಸಕ್ಕರೆ ಇಲ್ಲದ ಚಾ, ಬೇಗ ಮಲಗೋದು ಎಲ್ಲ ಶುರು ಮಾಡ್ತೇನೆ, ಜೂನ್ ಮುಗಿಯುವಾಗ ಒಂದೂ ಇರೋದಿಲ್ಲ. ಮೊದಲು ನಗ್ತಿದ್ದ ಮನೆಯವಳು ಈಗ ನಗೋದೂ ಬಿಟ್ಟಿದ್ದಾಳೆ. ನನ್ನ ಮನಸ್ಸೇ ಗಟ್ಟಿ ಇಲ್ವಾ?

ಉತ್ತರ: ಅಣ್ಣಾ, ಮನಸ್ಸಿನ ವಿಷಯ ಆಮೇಲೆ ನೋಡುವ, ಮೊದಲು ಕ್ಯಾಲೆಂಡರ್ ನೋಡಿ. 21 ದಿನ ಮಾಡಿದ್ರೆ ಅಭ್ಯಾಸ ಆಗ್ತದೆ ಅಂತ ವಾಟ್ಸಾಪಲ್ಲಿ ಬರ್ತದಲ್ಲ, ಅದನ್ನು ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತೆ ಅವರ ತಂಡದವರು 96 ಜನರನ್ನು 12 ವಾರ ಗಮನಿಸಿದ್ರು, 2010ರಲ್ಲಿ ಅದು ಪ್ರಕಟ ಆಯ್ತು. ಒಂದು ಕೆಲಸ ಯೋಚನೆ ಮಾಡದೆ ತನ್ನಷ್ಟಕ್ಕೇ ಆಗುವ ಹಾಗೆ ಆಗ್ಲಿಕ್ಕೆ ನಡುಮಟ್ಟದಲ್ಲಿ 66 ದಿನ, ಆದ್ರೆ ಅವರ ಲೆಕ್ಕದಲ್ಲಿ ಕೆಲವರಿಗೆ 18 ಸಾಕು, ಕೆಲವರಿಗೆ 254ರವರೆಗೂ ಬೇಕು. ಈಗ ವಿಷು ಅಂದ್ರೆ ಏಪ್ರಿಲ್ 14ರಿಂದ 66 ಎಣಿಸಿ ನೋಡಿ, ಜೂನ್ 19. ನಮ್ಮ ಕಾಸರಗೋಡಲ್ಲಿ ಆಗ ಎಂತ ಸ್ಥಿತಿ ಹೇಳಿ? ಕೊಡೆ ನಿಲ್ಲೋದಿಲ್ಲ, ಮುರಕಲ್ಲಿನ ದಾರಿ ಜಾರ್ತದೆ, ತೋಟಕ್ಕೆ ಇಳಿದ್ರೆ ಇಂಬಳ. ಅಭ್ಯಾಸ ಕೂತ್ಕೊಳ್ಳುವ ಹೊತ್ತಿಗೇ ಮಳೆ ಬಂದು ಎಬ್ಬಿಸ್ತಾ ಉಂಟು, ಅದಕ್ಕೆ ಮನಸ್ಸನ್ನು ಯಾಕೆ ಬೈಯೋದು!

ಹಾಗಾಗಿ ಮಳೆಯಲ್ಲೂ ಆಗುವಂಥದ್ದೇ ಆರಿಸ್ಬೇಕು, ಮತ್ತೆ ಒಂದೊಂದೇ, ನಾಲ್ಕೂ ಒಟ್ಟಿಗೆ ಬೇಡ. ನಾನಾದ್ರೆ ಚಾದಿಂದ ಶುರು ಮಾಡ್ತೇನೆ. ಚಾಕ್ಕೆ ಎರಡು ಚಮಚ ಅಂತ ಹಿಡಿದ್ರೆ ನಾಲ್ಕು ಚಾಕ್ಕೆ ಎಂಟು ಚಮಚ, ಹತ್ತಿರಹತ್ತಿರ 32 ಗ್ರಾಂ ಸಕ್ಕರೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ರೆ ಒಳ್ಳೇದು ಅಂತ ಹೇಳೋದು, ಅದೂ ಬಿಸ್ಕೆಟು ಹಲ್ವ ಎಲ್ಲ ಸೇರಿ. ಒಮ್ಮೆಲೇ ಸಕ್ಕರೆ ಬಿಟ್ರೆ ಮೂರನೇ ದಿನ ಆಫೀಸಿನ ಹತ್ರದ ಹೋಟ್ಲಲ್ಲಿ ಡಬಲ್ ಹಾಕಿಸ್ಕೊಂಡು ಕುಡೀತೀರಿ, ಗೊತ್ತುಂಟು ನನಗೆ. ಚಾಕ್ಕೆ ಅರ್ಧ ಚಮಚ ಮಾತ್ರ ಕಡಿಮೆ ಮಾಡಿ, ನಾಲಗೆಗೆ ಅದು ಒಗ್ಗಿದ ಮೇಲೆ ಇನ್ನರ್ಧ.

ಅದು ಸರಿ ಆದ ಮೇಲೆ ವಾಕಿಂಗ್. ಬೆಳಿಗ್ಗೆ ಐದಕ್ಕೆ ಏಳುವ ಶಪಥ ಎಲ್ಲ ಬೇಡ. ಬೆಳಿಗ್ಗೆ ತಿಂಡಿ, ರಾತ್ರಿ ಊಟ ಆಗಿ ಬಟ್ಲು ತೊಳೆದಿಟ್ಟ ಕೂಡ್ಲೆ ಜಗಲಿಯಲ್ಲೇ ಹತ್ತು ನಿಮಿಷ, ಸ್ವಲ್ಪ ಉಸಿರು ಜೋರಾಗುವ ಹಾಗೆ, ಅಷ್ಟೆ. ಉಂಡ ಮೇಲೆ ನಡೆದ್ರೆ ರಕ್ತದ ಸಕ್ಕರೆ ಏರುವುದೂ ಕಡಿಮೆ ಆಗ್ತದೆ. ದಿನಕ್ಕೆ ಎರಡು ಸಲ ಅಂದ್ರೆ ವಾರಕ್ಕೆ 140 ನಿಮಿಷ ಆಯ್ತು, ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150ಕ್ಕೆ ಹತ್ತೇ ಕಮ್ಮಿ! ನಡುವೆ ಒಂದು ದಿನ ಜಾತ್ರೆ, ಮದುವೆ, ಯಕ್ಷಗಾನದ ಆಟ ಅಂತ ತಪ್ಪಿದ್ರೆ ಎಲ್ಲ ಹೋಯ್ತು ಅಂತ ಮಾಡ್ಬೇಡಿ, ಒಂದು ದಿನ ತಪ್ಪಿದ್ರಿಂದ ದೊಡ್ಡ ವ್ಯತ್ಯಾಸ ಆಗಿಲ್ಲ ಅಂತ ಲ್ಯಾಲಿಯವರ ಅಧ್ಯಯನದಲ್ಲೇ ಉಂಟು. ಯೋಗ ಮುಂದಿನ ವರ್ಷಕ್ಕಿರ್ಲಿ. ಶುಗರ್ ಟೆಸ್ಟ್ ಮಾತ್ರ ಡಾಕ್ಟ್ರು ಹೇಳಿದ ಸಮಯಕ್ಕೆ ಮಾಡಿಸಿ, ಅದಕ್ಕೆ ಚೌಕಾಸಿ ಇಲ್ಲ.

ಪ್ರಶ್ನೆ: ಅಕ್ಕಾ, ನಾನು ಮಂಜೇಶ್ವರದಿಂದ ದಿನಾ ಟ್ರೈನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗೋದು. ಎದ್ದ ಕೂಡ್ಲೆ ಫೋನ್, ಟ್ರೈನಲ್ಲಿ ಫೋನ್, ಮಲಗುವಾಗಲೂ ಫೋನ್, ತಲೆಯೆಲ್ಲ ಭಾರ. ಎಲ್ರೂ ಪಾಸಿಟಿವ್ ಆಗಿರು ಅಂತಾರೆ, ಹೇಗೆ?

ಉತ್ತರ: ತಂಗೀ, ಹಾಗೆ ಹೇಳುವವರಿಗೆ ಹೂಂ ಅಂತ ಹೇಳಿ ಸುಮ್ಮನಿರು. ನೀನು ಚಾರ್ಜರನ್ನು ಕೋಣೆಯಿಂದ ತೆಗೆದು ಚಾವಡಿಯಲ್ಲಿಡು, ಏಳ್ಲಿಕ್ಕೆ ಒಂದು ಅಲಾರಂ ಗಡಿಯಾರ ತಗೊ. ಟ್ರೈನಲ್ಲಿ ಒಂದೇ ನಿಯಮ ಸಾಕು, ಉಳ್ಳಾಲ ದಾಟಿ ನೇತ್ರಾವತಿ ಸಂಕ ಬಂದ್ರೆ ಫೋನ್ ಬ್ಯಾಗಿಗೆ. ಇಂಥದ್ದು ಆದಾಗ ಇಂಥದ್ದು ಮಾಡ್ತೇನೆ ಅಂತ ಮೊದಲೇ ನಿಶ್ಚಯ ಮಾಡಿಟ್ರೆ ಕೆಲಸ ನಡೀತದೆ ಅಂತ ಪೀಟರ್ ಗೊಲ್ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು 1999ರಲ್ಲೇ ಬರೆದಿದ್ದಾರೆ. ಇಷ್ಟೆಲ್ಲ ಮಾಡಿಯೂ ಎರಡು ವಾರ ಕಳೆದ್ರೂ ನಿದ್ರೆ ಸರಿಯಾಗದೆ, ಯಾವುದರಲ್ಲೂ ಮನಸ್ಸಿಲ್ಲ ಅಂತಾದ್ರೆ ಅದು ಫೋನಿನ ವಿಷಯ ಮಾತ್ರ ಅಲ್ಲ, ಡಾಕ್ಟ್ರಿಗೆ ತೋರ್ಸು, ಇಲ್ಲಾಂದ್ರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡು ಬೇಡ, ಭಾಷೆಯನ್ನೂ ಆರಿಸ್ಬಹುದು.